ಮಾತಿನ ಬಾಲ ಉದುರಿದ ಮಳೆಗಾಲ

ಅಮ್ಮನ ಕಣ್ಣಿನ ಪೊರೆ ತೋರಿಸಲಿಕ್ಕೆಂದು ಈ ಜುಲೈಯಲ್ಲಿ ಮೊಗ್ರಾಲಿನ ಹತ್ತಿರ ನಾನು ಹಿಂದೆ ಕೆಲಸಕ್ಕಿದ್ದ ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಟೋಕನ್ ಅರವತ್ತೊಂದು. ಒಳಗೆ ನಡೆಯುತ್ತಿದ್ದದ್ದು ಹದಿನಾಲ್ಕು. ಅಮ್ಮನನ್ನು ಬೆಂಚಿನಲ್ಲಿ ಕೂರಿಸಿ, ಕಾಲು ಜೋಮು ಹಿಡಿಯಿತೆಂದು ಕಾರಿಡಾರಿನಲ್ಲಿ ಆಚೀಚೆ ನಡೆಯುತ್ತಿದ್ದೆ. ಮೆಟ್ಟಿಲ ಬುಡಕ್ಕೆ ಬಂದಾಗ ಒಂದು ವಾಸನೆ ಬಡಿಯಿತು. ಫಿನಾಯಿಲು, ಗೋಡೆಗೆ ಒರಗಿಸಿಟ್ಟ ಒದ್ದೆ ಕೊಡೆಗಳು, ಅವುಗಳ ಜೊತೆಗೆ ಬಿಸಿಯಾದ ಧೂಳು. ಮೂರನೆಯದು ಎಲ್ಲರ ಮೂಗಿಗೂ ಸಿಗುವಂಥದ್ದಲ್ಲ. ಸದಾ ಓಡುವ ಯಂತ್ರವೊಂದನ್ನು ಕಬ್ಬಿಣದ ಕಪಾಟಿನಲ್ಲಿ ಕೂಡಿಹಾಕಿ, ಇರುವೆ ಬಾರದಂತೆ ಸುತ್ತ ಪುಡಿ ಸುರಿದರೆ ಬರುವ ವಾಸನೆ ಅದು. ಏಳು ವರ್ಷದ ಹಿಂದೆ ಒಂದಿಡೀ ಮಳೆಗಾಲ ನಾನು ಉಸಿರಾಡಿದ್ದು ಅದನ್ನೇ. ಅಲ್ಲೇ ನಿಂತುಬಿಟ್ಟೆ.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಎಲ್ಲ ಗೊತ್ತುಂಟು ಎಂದುಕೊಳ್ಳುವ ವಯಸ್ಸು. ಮಂಗಳೂರಿನ ಸಣ್ಣ ಕಂಪೆನಿಯೊಂದು ಈ ಆಸ್ಪತ್ರೆಗೆ ಹೊಸ ಫೋನು ಹಾಕುವ ಕೆಲಸ ಹಿಡಿದಿತ್ತು. ಬೇರೆ ತಂತಿ ಬೇಡ, ಕಂಪ್ಯೂಟರಿನ ಕೇಬಲ್ಲಿನಲ್ಲೇ ಮಾತು ಸಾಗಿಸುವ ಫೋನುಗಳು. ಹಾಕಿ ಮುಗಿದ ಮೇಲೆ ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕು ಎಂದು ಆಸ್ಪತ್ರೆಯವರು ಕೇಳಿದರು. ಕಂಪೆನಿ ತನ್ನಲ್ಲಿದ್ದ ನನ್ನನ್ನು ಅಲ್ಲೇ ಬಿಟ್ಟು ಹೋಯಿತು. ಬದಿಯಡ್ಕದ ಕಡೆಯ ನಮ್ಮ ಮನೆಯಿಂದ ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ಹೆದ್ದಾರಿಯ ಬಸ್ಸು. ಆರು ತಿಂಗಳು ಏನೂ ತಕರಾರಿಲ್ಲದೆ ಕಳೆದರೆ ಕೆಲಸ ಖಾಯಂ ಎಂದಿದ್ದರು ಆಡಳಿತಾಧಿಕಾರಿ ನಂಬಿಯಾರ್ ಸಾರ್. ಪಯ್ಯನ್ನೂರಿನ ಕಡೆಯವರು, ಕೆಲಸದಲ್ಲಿ ಬಹಳ ಖಡಕ್ಕು. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವ ಜಾತಿ. "ಹೆಸರಿನಲ್ಲೇ ಉಂಟಲ್ಲ ಮಾರಾಯ್ತಿ, 'ನಂಬಿ ಯಾರ್' ಅಂತ. ಅವರು ಯಾರನ್ನು ನಂಬಿದ್ದುಂಟು?" ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು.

ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದದ್ದು ಸ್ವಿಚ್. ಸ್ವಿಚ್ ಎಂದರೆ ದೀಪ ಹಾಕುವುದಲ್ಲ. ಇಪ್ಪತ್ತನಾಲ್ಕು ತೂತುಗಳ ಒಂದು ಚಪ್ಪಟೆ ಡಬ್ಬಿ. ಹಳೆ ಕಟ್ಟಡದ ಫೋನು, ಕಂಪ್ಯೂಟರು, ಕ್ಯಾಮರಾ, ಎಕ್ಸ್‌ರೇ ಯಂತ್ರ, ಎಲ್ಲದರ ಕೇಬಲ್ಲೂ ಅಲ್ಲಿಗೆ ಬಂದು ಸೇರುತ್ತಿತ್ತು. ವಾರ್ಡುಗಳು, ನಂಬಿಯಾರ್ ಸಾರಿನ ಆಫೀಸು, ಎಕ್ಸ್‌ರೇ ಚಿತ್ರಗಳನ್ನು ಇಟ್ಟುಕೊಳ್ಳುವ ದೊಡ್ಡ ಕಂಪ್ಯೂಟರು, ಇವೆಲ್ಲ ಅಂಗಳದಾಚೆಯ ಹೊಸ ಕಟ್ಟಡದಲ್ಲಿ. ಎರಡು ಕಟ್ಟಡಗಳ ನಡುವೆ ಇದ್ದದ್ದು ಒಂದೇ ಒಂದು ಕೇಬಲ್.

ಕಪಾಟಿನ ಪಕ್ಕದ ಕೋಣೆಯಲ್ಲಿ ವಸಂತಕ್ಕ. ಮಧೂರಿನವರು, ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಇಪ್ಪತ್ತಮೂರು ವರ್ಷ ಅದೇ ಕುರ್ಚಿ. ಗಂಡ ತೀರಿಹೋಗಿ ತುಂಬ ಕಾಲವಾಗಿತ್ತು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ಕನ್ನಡ, ತುಳು, ಮಲಯಾಳ, ನಮ್ಮ ಕೊಂಕಣಿ, ಯಾವುದರಲ್ಲಿ ಕರೆ ಬಂತೋ ಅದರಲ್ಲೇ ಉತ್ತರ. ಉಸಿರು ಕೂಡ ಬದಲಿಸುತ್ತಿರಲಿಲ್ಲ. ಅವರಿಗೊಂದು ಅಭ್ಯಾಸವಿತ್ತು. ಯಾರು ಏನು ಹೇಳಿದರೂ ಅದರ ಕೊನೆಯನ್ನು ತಿರುಗಿ ಹೇಳುವುದು. "ಬೇಡ ಅಂದದ್ದಲ್ವಾ ಡಾಕ್ಟ್ರೇ? ಬೇಡ." ಅವರು ಹೌದು ಎಂದ ಮೇಲೇ ಫೋನಿಡುವುದು. ಆಸ್ಪತ್ರೆಯಿಡೀ ಅವರನ್ನು ಗಿಳಿಯಕ್ಕ ಎಂದು ತಮಾಷೆ ಮಾಡುತ್ತಿತ್ತು.

ಆ ಅಭ್ಯಾಸ ಬಿಡಿಸಿದವಳು ನಾನು. ಹೊಸ ಫೋನಿನ ಬಗ್ಗೆ ಎಲ್ಲರಿಗೂ ಹೇಳಿಕೊಡುವಾಗ ದೊಡ್ಡ ಮನುಷ್ಯಳ ಹಾಗೆ ಎದ್ದು ನಿಂತು, "ಇನ್ನು ಕಿರುಚುವುದು ಬೇಡ, ಎರಡೆರಡು ಸಲ ಹೇಳುವುದೂ ಬೇಡ. ಪಕ್ಕದಲ್ಲಿ ಕೂತು ಮಾತಾಡಿದಷ್ಟು ಚಂದ ಕೇಳಿಸುತ್ತದೆ" ಎಂದಿದ್ದೆ. ನಂಬಿಯಾರ್ ಸಾರ್ ತಲೆಯಾಡಿಸಿ, ಅಕ್ಕ ಎನ್ನುವುದನ್ನು ತಮ್ಮ ಮಲಯಾಳದಲ್ಲಿ, "ವಸಂತಿ ಚೇಚಿ, ಕೇಳಿದ್ರಲ್ಲ? ಒಂದು ಸಲ ಸಾಕು" ಎಂದರು. ವಸಂತಕ್ಕ ಮರುಮಾತಾಡದೆ ಪಾಲಿಸಿದರು.

ಜೂನಿನಲ್ಲಿ ಮಳೆ ಹಿಡಿಯಿತು. ಎರಡನೇ ವಾರದಿಂದ ದೂರು ಶುರುವಾಯಿತು. ಫೋನಿನಲ್ಲಿ ಮಾತು ತುಂಡಾಗುತ್ತದೆ. "ಮಳೆಯಲ್ವಾ," ಎಂದರು ಎಲ್ಲರೂ. ನಮ್ಮ ಕಡೆ ಮಳೆ ಬಂದರೆ ಫೋನು ಸತ್ತಿತು ಎಂಬುದನ್ನು ಮಕ್ಕಳೂ ಬಲ್ಲರು. ಕಂಬದಿಂದ ಕಂಬಕ್ಕೆ ತಂತಿ ಹೋಗುತ್ತಿದ್ದ ಕಾಲದಿಂದ ಬಂದ ತಿಳಿವಳಿಕೆ ಅದು. ನನ್ನ ಕೇಬಲ್ ಗೋಡೆಯೊಳಗೆ, ಕೊಳವೆಯೊಳಗೆ ಬೆಚ್ಚಗೆ ಮಲಗಿತ್ತು, ಅದಕ್ಕೆಲ್ಲಿಯ ಮಳೆ? ಆದರೂ ನಾನು ಬಾಯಿ ಮುಚ್ಚಿಕೊಂಡೆ. ತಪ್ಪು ಮಳೆಯ ಮೇಲೆ ಹೋಗುವುದಾದರೆ ಹೋಗಲಿ, ನನ್ನ ಆರು ತಿಂಗಳಿಗೆ ಕಲೆಯಿಲ್ಲವಲ್ಲ!

ಒಂದು ದಿನ ವಸಂತಕ್ಕ ಬಾಗಿಲಿನಲ್ಲಿ ನಿಂತು, "ಐರಿನ್, ನಿನ್ನ ಫೋನಿನಲ್ಲಿ ಮಾತಿನ ಬಾಲ ಉದುರ್ತದೆ" ಎಂದರು.

"ಬಾಲವಾ?"

"ಬಾಲ. ತಲೆ ಬರ್ತದೆ, ಹೊಟ್ಟೆ ಬರ್ತದೆ, ಬಾಲ ಬರುದಿಲ್ಲ."

ನಾನು ಎದ್ದು ಹೊಸ ಕಟ್ಟಡಕ್ಕೆ ಹೋಗಿ ಅಲ್ಲಿಂದ ಅವರಿಗೆ ಫೋನ್ ಮಾಡಿದೆ. "ಹಲೋ ಹಲೋ, ಒಂದು ಎರಡು ಮೂರು." ಅವರು "ಕೇಳ್ತದೆ" ಎಂದರು. ಆಗ ಸಂಜೆ ಐದು ಗಂಟೆ, ರೋಗಿಗಳೆಲ್ಲ ಮನೆ ಸೇರಿದ ಹೊತ್ತು. "ನೋಡಿ, ಸರಿ ಉಂಟಲ್ಲ?" ಎಂದು ಬಸ್ಸು ಹಿಡಿದೆ. ವಯಸ್ಸಾಯಿತು, ಕಿವಿ ಸ್ವಲ್ಪ ಮಂದ, ಪಾಪ ಎಂದುಕೊಂಡೆ. ಈಗ ನೆನೆದರೆ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕು ಅನಿಸುತ್ತದೆ.

ಜುಲೈಯಲ್ಲಿ ಅದು ನಡೆಯಿತು. ಗಂಡಸರ ವಾರ್ಡಿನ ಏಳನೇ ಬೆಡ್ಡಿನಲ್ಲಿ ಅಗಲ್ಪಾಡಿಯ ಒಬ್ಬರು ಹಿರಿಯರಿದ್ದರು, ಹರ್ನಿಯಾ ಆಪರೇಷನ್ನಿಗೆ ಬಂದವರು. ನಾಳೆಗೆ ಇಟ್ಟಿದ್ದ ಆಪರೇಷನ್ನನ್ನು ಸರ್ಜನ್ ಅವತ್ತು ಮಧ್ಯಾಹ್ನಕ್ಕೇ ತಂದರು. ಹಳೆ ಕಟ್ಟಡದ ಥಿಯೇಟರಿನಿಂದ ಅಭ್ಯಾಸ ಬಲದಲ್ಲಿ ವಸಂತಕ್ಕನಿಗೇ ಫೋನ್ ಮಾಡಿ, "ಏಳನೆಯವರಿಗೆ ಊಟ ಕೊಡ್ಬೇಡಿ ಅಂತ ವಾರ್ಡಿಗೆ ಹೇಳಿ" ಎಂದರು. ವಸಂತಕ್ಕ ವಾರ್ಡಿಗೆ ಹೇಳಿದರು. ಒಂದೇ ಸಲ. ನಾನು ಕಲಿಸಿಕೊಟ್ಟ ಹಾಗೆ.

ವಾರ್ಡಿನಲ್ಲಿ ಫೋನೆತ್ತಿದ್ದು ಲಿಸ್ಸಿ ಸಿಸ್ಟರ್. ಕೋಟ್ಟಯಂನಿಂದ ಬಂದವಳು, ಕನ್ನಡ ಆಗಷ್ಟೇ ಕಲಿತಿದ್ದಳು. ಅವಳಿಗೆ ಕೇಳಿಸಿದ್ದು "ಏಳನೆಯವರಿಗೆ ಊಟ ಕೊಡ್ಬೇ". ಗಂಜಿಯ ಗಾಡಿ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿತ್ತು. ಕೊಡಬೇಕು ಎಂದುಕೊಂಡು ಮೊದಲು ಅವರಿಗೇ ಬಡಿಸಿದಳು.

ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಸುಮ್ಮನೆ ವಾಡಿಕೆಗೆಂದು, "ಎಂತಾದ್ರೂ ತಿಂದಿದ್ದೀರಾ ಅಜ್ಜ?" ಎಂದು ಕೇಳಿದರಂತೆ. "ಹೊಟ್ಟೆ ತುಂಬ! ಗಂಜಿ, ಚಟ್ನಿ. ಚಟ್ನಿ ಲಾಯ್ಕಿತ್ತು," ಎಂದರಂತೆ ಅಜ್ಜ. ತುಂಬಿದ ಹೊಟ್ಟೆಯಲ್ಲಿ ಅರಿವಳಿಕೆ ಕೊಟ್ಟರೆ ತಿಂದದ್ದು ಉಸಿರಿನ ದಾರಿಗೆ ನುಗ್ಗಿ ಜೀವವೇ ಹೋಗಬಹುದು. ಅವರನ್ನು ಹಾಗೇ ವಾರ್ಡಿಗೆ ಮರಳಿಸಿದರು. ಆಪರೇಷನ್ ಮರುದಿನ ಆಗಿ ಅವರು ಕ್ಷೇಮವಾಗಿ ಮನೆಗೆ ಹೋದರು, ದೇವರು ದೊಡ್ಡವನು. ಆದರೆ "ಆ ಡಾಕ್ಟ್ರು ಕೇಳದೆ ಇರ್ತಿದ್ರೆ?" ಎಂದು ಸರ್ಜನ್ ನಂಬಿಯಾರ್ ಸಾರಿನ ಮೇಜು ಬಡಿದದ್ದು ಅಂಗಳಕ್ಕೆಲ್ಲ ಕೇಳಿಸಿತು.

ಬೇಡ ಎಂದೇ ಹೇಳಿದೆ ಎಂದರು ವಸಂತಕ್ಕ. ಬೇಕು ಎಂದು ಕೇಳಿತು ಎಂದಳು ಲಿಸ್ಸಿ, ಅಳುತ್ತಾ. ನಂಬಿಯಾರ್ ಸಾರ್ ನನ್ನನ್ನು ಕರೆದು, "ಫೋನು ಸರಿ ಉಂಟಾ?" ಎಂದು ಕೇಳಿದರು. "ಸರಿ ಉಂಟು ಸಾರ್, ನಾನೇ ಪರೀಕ್ಷೆ ಮಾಡಿದ್ದೇನೆ," ಎಂದೆ. ಆ ಒಂದು ವಾಕ್ಯದ ಮೇಲೆ ವಸಂತಕ್ಕನಿಗೆ ಮೆಮೊ ಹೋಯಿತು. ತಪ್ಪು ಸಂದೇಶ ಕೊಟ್ಟದ್ದಕ್ಕೆ ತಿಂಗಳ ಕೊನೆಯೊಳಗೆ ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಕೆಲಸದಿಂದ ಬಿಡುಗಡೆ. ಹೇಗೂ ಹೊಸ ಫೋನಿಗೆ ಆಪರೇಟರ್ ಯಾಕೆ ಎಂಬ ಮಾತೂ ಎದ್ದಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ಹೌದು.

ಮರುದಿನ ಬೆಳಿಗ್ಗೆ ವಸಂತಕ್ಕ ಒಂದು ಹಳೆ ಡೈರಿ ಹಿಡಿದುಕೊಂಡು ನನ್ನ ಕಪಾಟಿನ ಎದುರು ಸ್ಟೂಲು ಹಾಕಿ ಕೂತರು.

"ನಿನಗೆ ಪುರುಸೊತ್ತುಂಟಾ? ಇಲ್ಲದಿದ್ರೂ ಕೇಳು. ನಾನು ಹೋಗುದಾದ್ರೆ ಹೋಗ್ತೇನೆ. ಒಂದೂವರೆ ವರ್ಷ ಮೊದಲು ಹೋದ್ರೆ ಎಂತ ಮಹಾ! ಆದ್ರೆ ತಪ್ಪು ಹೇಳಿ ಒಬ್ಬರ ಜೀವಕ್ಕೆ ಕುತ್ತು ತಂದವಳು ಅಂತ ಹೆಸರು ಹೊತ್ಕೊಂಡು ಈ ಆಸ್ಪತ್ರೆಯ ಮೆಟ್ಟಿಲು ಇಳಿಯುದಿಲ್ಲ. ಇಪ್ಪತ್ತಮೂರು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ, ಮಾತು ಮುಟ್ಟಿಸುದು."

ಡೈರಿ ಬಿಡಿಸಿದರು. ಜೂನ್ ಎರಡನೇ ವಾರದಿಂದ ಪ್ರತಿದಿನ ಬರೆದಿದ್ದರು. ಎಷ್ಟು ಗಂಟೆಗೆ, ಯಾರು, ಹೇಳಿದ್ದು ಏನು, ಕೇಳಿಸಿದ್ದು ಏನು. ಹೇಳಿದ್ದು ತುಳುವಿನ "ಬೊಡ್ಚಿ", ಕೇಳಿಸಿದ್ದು "ಬೋಡು". ಹೇಳಿದ್ದು ಮಲಯಾಳದ "ವೇಂಡ", ಕೇಳಿಸಿದ್ದು "ವೇಣಂ". ಹೇಳಿದ್ದು "ಬರುದಿಲ್ಲ", ಕೇಳಿಸಿದ್ದು "ಬರು" ಅಷ್ಟೆ. ಯಾವ ಭಾಷೆಯಾದರೂ ಅದೇ ಕಥೆ, ಬೇಡವೆಲ್ಲ ಬೇಕಾಗಿತ್ತು.

"ನೀನು ಹಲೋ ಹಲೋ ಅಂತ ನೋಡಿದ್ರೆ ಎಂತ ಗೊತ್ತಾಗ್ತದೆ? ಹಲೋಗೆ ಬಾಲ ಉಂಟಾ?" ಎಂದರು. "ನಮ್ಮ ಮಾತಿನಲ್ಲಿ ಹೌದು, ಅಲ್ಲ, ಬೇಕು, ಬೇಡ ಎಲ್ಲ ಕೊನೆಗೆ ಬರುದಲ್ವಾ? ನಡುವಿನದ್ದು ಬಿದ್ರೆ ಊಹೆ ಮಾಡಿ ತುಂಬಿಸ್ಬಹುದು. ಬಾಲ ಬಿದ್ರೆ ಮನುಷ್ಯ ತನಗೆ ಹೇಗೆ ಬೇಕೋ ಹಾಗೆ ತುಂಬಿಸ್ತಾನೆ. ಆ ಹುಡುಗಿ ಲಿಸ್ಸಿಯ ತಪ್ಪೂ ಇಲ್ಲ. ಗಂಜಿ ಎದುರು ಉಂಟು, ರೋಗಿ ಹಸಿದಿದ್ದಾರೆ. ಕೊಡ್ಬೇಕು ಅಂತಲೇ ಕೇಳುದು."

ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆದವರಿಗೆ 'ಇಲ್ಲ' ಎನ್ನುವುದು ವಾಕ್ಯದ ಆರಂಭದಲ್ಲೇ ಸಿಕ್ಕಿಬಿಡುತ್ತದೆ. ನಮ್ಮ ಕೊಂಕಣಿಯಲ್ಲೂ ಬೇಕು, ಬೇಡಕ್ಕೆ ಜಾಯ್, ನಾಕಾ ಎನ್ನುವುದು ಕೊನೆಗೇ. ಹುಟ್ಟಿದಾಗಿನಿಂದ ಆಡುತ್ತಿರುವ ಮಾತಿನ ರೂಪ ನನಗೆ ಗೊತ್ತಾದದ್ದು ಅವತ್ತು, ಆ ಸ್ಟೂಲಿನ ಎದುರು.

ಡೈರಿಯ ಬದಿಯಲ್ಲಿ ಕೆಲವು ದಿನಗಳ ಪಕ್ಕ ಪುಟ್ಟ ಕೊಡೆಯ ಚಿತ್ರವಿತ್ತು. "ಎಲ್ಲ ಮಳೆ ಮಳೆ ಅಂತಾರಲ್ಲ, ಹಾಗೆ ಜೋರು ಮಳೆ ಬಂದ ದಿನಕ್ಕೆ ಕೊಡೆ ಬಿಡಿಸಿದೆ," ಎಂದರು. ನಾನು ಪುಟ ತಿರುವಿ ತಿರುವಿ ನೋಡಿದೆ. ಕೊಡೆಯಿದ್ದ ದಿನ ತಪ್ಪು ಒಂದೂ ಇಲ್ಲ! ಬಿಸಿಲು ಬಿದ್ದ ದಿನ ಐದು, ಆರು. ಸೋಮವಾರ ಇನ್ನೂ ಹೆಚ್ಚು. ಎಲ್ಲವೂ ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆಯೊಳಗೆ.

"ಮಳೆ ಬಂದ್ರೆ ಫೋನು ಸರಿಯಾಗ್ತದಾ ಅಕ್ಕ?"

"ಅದೇ ನಾನು ನಿನ್ನತ್ರ ಕೇಳುದು."

ಜೋರು ಮಳೆಯ ದಿನ ರೋಗಿಗಳು ಬರುವುದಿಲ್ಲ. ರೋಗಿಗಳಿಲ್ಲದಿದ್ದರೆ ಎಕ್ಸ್‌ರೇ ಇಲ್ಲ. ಕಪಾಟಿನ ಬಾಗಿಲು ತೆರೆದು ನೋಡುತ್ತಾ ಕೂತೆ. ಹನ್ನೊಂದಕ್ಕೆ ಎಕ್ಸ್‌ರೇ ಕೋಣೆಯಿಂದ ದಪ್ಪ ದಪ್ಪ ಚಿತ್ರಗಳು ಹೊರಟವು. ಎರಡು ಕಟ್ಟಡದ ನಡುವಿನ ಒಂದೇ ಕೇಬಲ್ ತುಂಬಿತು. ಡಬ್ಬಿಯೊಳಗೆ ಸಾಲು ಬೆಳೆಯಿತು. ಸಾಲು ಹಿಡಿಸದಿದ್ದಾಗ ಆಮೇಲೆ ಬಂದದ್ದನ್ನೆಲ್ಲ ಡಬ್ಬಿ ಸುಮ್ಮನೆ ಬಿಸಾಡಿತು. ಚಿತ್ರದ ತುಂಡು ಬಿದ್ದರೆ ಕಂಪ್ಯೂಟರು ಮತ್ತೆ ಕಳಿಸುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮಾತಿನ ತುಂಡು ಬಿದ್ದರೆ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಈ ಫೋನಿಗೂ ಸರಿ.

ವಸಂತಕ್ಕನಿಗೆ ವಿವರಿಸಿದೆ. ಅವರು ಕಪಾಟಿನೊಳಗೆ ಬಗ್ಗಿ ನೋಡಿ, "ಅಂದ್ರೆ ಈ ಡಬ್ಬಿಯ ಒಳಗೆ ಎಮರ್ಜೆನ್ಸಿ ಬಾಗಿಲು ಇಲ್ಲ. ಎದೆನೋವಿನವರೂ ಟೋಕನ್ ಹಿಡ್ಕೊಂಡು ಕೂರ್ಬೇಕು," ಎಂದರು. ಇದಕ್ಕಿಂತ ಸರಿಯಾಗಿ ಹೇಳಲಿಕ್ಕೆ ನನಗೆ ಇವತ್ತಿಗೂ ಬಂದಿಲ್ಲ. ಆ ಬಾಗಿಲು ಇಡುವ ಕೆಲಸಕ್ಕೆ ನಮ್ಮವರು ಕ್ವಾಲಿಟಿ ಆಫ್ ಸರ್ವಿಸ್ ಎಂದು ಭಾರೀ ಹೆಸರಿಟ್ಟಿದ್ದಾರೆ. ಓದುವಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕೈಯಾರೆ ಮಾಡಿರಲಿಲ್ಲ.

ಅವತ್ತು ಮಧ್ಯಾಹ್ನ ಲ್ಯಾಪ್‌ಟಾಪ್ ಜೋಡಿಸಿ, ಪುಸ್ತಕ ನೋಡಿ, ಆ ಸೌಲಭ್ಯ ಶುರುವಾಗಲಿ ಎಂದು ಒಂದೇ ಸಾಲು ಬರೆದೆ. ಹೆಮ್ಮೆಯಿಂದ ಚಾ ಕುಡಿದು ಬಂದೆ. ಮರುದಿನ ಹನ್ನೊಂದಕ್ಕೆ ಮೊದಲಿಗಿಂತ ಕಡೆ! ಬಾಲದ ಜೊತೆ ಹೊಟ್ಟೆಯೂ ಉದುರತೊಡಗಿತು. ವಸಂತಕ್ಕ ಬಂದು, "ಮದ್ದು ಕೊಟ್ಟೆಯಾ, ವಿಷ ಕೊಟ್ಟೆಯಾ ಮಾರಾಯ್ತಿ?" ಎಂದರು. ಎರಡು ದಿನ ಪುಸ್ತಕ ಬಿಡಿಸಿಕೊಂಡೇ ಕೂತೆ.

ಮೂರನೇ ದಿನ ಗೊತ್ತಾಯಿತು. ಪ್ರತಿ ಫೋನೂ ತಾನು ಕಳಿಸುವ ತುಂಡಿನ ಮೇಲೆ 'ನಾನು ಮಾತು' ಎಂದು ಗುರುತು ಹಾಕಿಯೇ ಕಳಿಸುತ್ತಿತ್ತು. ಆದರೆ ಆ ಸೌಲಭ್ಯ ಶುರು ಮಾಡಿದ ಗಳಿಗೆಯಿಂದ ಸ್ವಿಚ್ ಯಾರ ಗುರುತನ್ನೂ ನಂಬುವುದಿಲ್ಲ. ಒರೆಸಿ ಹಾಕಿ ಎಲ್ಲರನ್ನೂ ಒಂದೇ ಸಾಲಿಗೆ ನೂಕುತ್ತದೆ. ಇವರನ್ನು ನಂಬು ಎಂದು ಪ್ರತಿ ತೂತಿಗೂ ಬೇರೆ ಸಾಲು ಬರೆಯಬೇಕಿತ್ತು. ನಾನು ಬರೆದಿರಲಿಲ್ಲ. ಹೇಳಿದವರನ್ನು ನಂಬದೆ ಕೆಟ್ಟದ್ದು ಆ ಡಬ್ಬಿ ಮಾತ್ರವೇ? ಬಾಲ ಉದುರುತ್ತದೆ ಎಂದು ವಸಂತಕ್ಕ ಜೂನಿನಲ್ಲೇ ನನಗೆ ಹೇಳಿದ್ದರು.

ನಂಬುವ ಸಾಲುಗಳನ್ನು ಬರೆದೆ. ಆಮೇಲೆ ಗುಂಪು ಮಾಡಿದೆ. ಗುರುತು ಇರುವ ಮಾತುಗಳದ್ದು ಒಂದು ಗುಂಪು, ಅದಕ್ಕೆ 'ಫೋನ್' ಎಂದು ಹೆಸರು. ಚಿತ್ರಗಳದ್ದು ಒಂದು, ಉಳಿದದ್ದು ಒಂದು. ಮೊದಲ ಗುಂಪು ಬಂದರೆ ಯಾರಿದ್ದರೂ ದಾರಿ ಬಿಡಬೇಕು, ಆದರೆ ಅದೂ ಕೇಬಲ್ಲಿನ ಇಷ್ಟೇ ಪಾಲನ್ನು ಮೀರಬಾರದು ಎಂಬ ನಿಯಮ ಬರೆದು ಆ ನಡುವಿನ ಕೇಬಲ್ಲಿನ ತೂತಿಗೆ ಕಟ್ಟಿದೆ. ಎಲ್ಲರೂ ಮುಂದೆ ನಿಂತರೆ ಸಾಲು ಎಲ್ಲಿರುತ್ತದೆ? ಸೋಮವಾರ ಹನ್ನೊಂದು ಗಂಟೆಗೆ, ಬಿಸಿಲಿನಲ್ಲಿ, ಎಕ್ಸ್‌ರೇ ಕೋಣೆ ಮೀನು ಮಾರ್ಕೆಟಿನಂತೆ ಗಿಜಿಗುಟ್ಟುವಾಗ ವಸಂತಕ್ಕನ ಮಾತು ವಾರ್ಡಿಗೆ ತಲೆಯಿಂದ ಬಾಲದವರೆಗೆ ಇಡಿಯಾಗಿ ಹೋಯಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬುಧವಾರ ಅಂಗಳದಲ್ಲಿ ಸಿಕ್ಕಿದ ನಂಬಿಯಾರ್ ಸಾರ್, "ನೋಡು ಐರಿನ್, ಮೆಮೊ ಕೊಟ್ಟದ್ದೇ ಕೊಟ್ಟದ್ದು, ಫೋನಿನ ಕಂಪ್ಲೇಂಟೇ ಇಲ್ಲ. ಚೇಚಿ ಈಗ ಜಾಗ್ರತೆಯಲ್ಲಿ ಮಾತಾಡ್ತಾರೆ. ಅಪ್ಪೊ, ಅಂದ್ರೆ ತಪ್ಪು ಅವರದ್ದೇ" ಎಂದರು.

ನಾನು ಸದ್ದಿಲ್ಲದೆ ಸರಿಮಾಡಿದ್ದೇ ವಸಂತಕ್ಕನ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅಕ್ಟೋಬರಿನಲ್ಲಿ ನನ್ನ ಕೆಲಸ ಖಾಯಂ; ಅವರು ತಿಂಗಳ ಕೊನೆಗೆ ಮನೆಗೆ. ಬಾಯಿ ಬಿಟ್ಟರೆ ಫೋನು ಸರಿ ಉಂಟು ಎಂದು ಹೇಳಿದವಳು ನಾನು, ತಿರುಗಿ ಹೇಳುವುದು ಬೇಡ ಎಂದು ಕಲಿಸಿದವಳೂ ನಾನು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆಯ ಕೋತಿ ನಾನೇ ಆಗಿದ್ದೆ. ಅವತ್ತು ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿದ್ದು ತಿಳಿಯದೆ ಮುಂದೆ ಹೋಗಿ, ಎರಡು ಮೈಲು ಹಿಂದಕ್ಕೆ ನಡೆದೆ. ಆ ಎರಡು ಮೈಲಿನಲ್ಲಿ ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ವಸಂತಕ್ಕನಿಗೆ ಎಲ್ಲ ಹೇಳಿದೆ. ಕ್ಯಾಂಟೀನಿನಲ್ಲಿ ನಕ್ಕದ್ದನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದು ತಲೆತಗ್ಗಿಸಿ ನಿಂತಿದ್ದೆ. ಅವರು ಟಿಫಿನ್ ಡಬ್ಬಿ ತೆರೆದು, ಮಧೂರು ದೇವಸ್ಥಾನದ ಪ್ರಸಾದದ ಸಿಹಿ ಅಪ್ಪ ಒಂದನ್ನು ಕಾಗದದಲ್ಲಿಟ್ಟು ಕೊಟ್ಟರು. "ತಿನ್ನು ಮೊದಲು. ಬೈದ್ರೆ ನನಗೆ ಎಂತ ಸಿಗ್ತದೆ? ಈಗ ಎಂತ ಮಾಡುದು, ಅದು ಹೇಳು."

ಹನ್ನೊಂದಕ್ಕೆ ನಂಬಿಯಾರ್ ಸಾರಿನ ಆಫೀಸಿಗೆ ಹೋಗಿ, "ಸಾರ್, ಹತ್ತು ನಿಮಿಷ ಬೇಕು. ಒಂದು ಕಾಗದ ಪೆನ್ನು ಹಿಡಿದು ಫೋನಿನ ಎದುರು ಕೂತ್ಕೊಳ್ಳಿ. ವಸಂತಕ್ಕ ಹತ್ತು ಮಾತು ಹೇಳ್ತಾರೆ, ಕೇಳಿದ ಹಾಗೆ ಬರೀರಿ" ಎಂದೆ. ಹುಬ್ಬು ಗಂಟಿಕ್ಕಿದರು, ಆದರೆ ಕೂತರು. ನಾನು ಅಂಗಳ ದಾಟಿ ಓಡಿ ಬಂದು ಕಪಾಟಿನ ಎದುರು ಕೂತೆ. ಸ್ವಿಚ್ಚಿನ ಭಾಷೆಯಲ್ಲಿ ಬರೆದ ನಿಯಮವನ್ನು ತೆಗೆಯಬೇಕಾದರೆ ಅದೇ ಸಾಲಿನ ತಲೆಗೆ 'ನೋ' ಎಂದು ಸೇರಿಸಬೇಕು. ಅದರ 'ಬೇಡ' ಮೊದಲೇ ಬರುತ್ತದೆ, ಉದುರುವ ಭಯವಿಲ್ಲ. ಒಂದೊಂದಾಗಿ 'ನೋ' ಸೇರಿಸಿ, ನಾನು ಬರೆದದ್ದನ್ನೆಲ್ಲ ತೆಗೆದುಹಾಕಿದೆ. ಹೊರಗೆ ಬಿಸಿಲು. ಎಕ್ಸ್‌ರೇ ಕೋಣೆಯ ಎದುರು ಜನವೋ ಜನ. ಆ ಹತ್ತು ನಿಮಿಷ ರೋಗಿಗಳಿಗೆ ಸಂಬಂಧಿಸಿದ ಮಾತು ಯಾವುದೂ ಫೋನಿನಲ್ಲಿ ಹೋಗದಂತೆ ವಾರ್ಡಿಗೆ ಮೊದಲೇ ಹೇಳಿಟ್ಟಿದ್ದೆ.

ಪಕ್ಕದ ಕೋಣೆಯಲ್ಲಿ ವಸಂತಕ್ಕ ಫೋನೆತ್ತಿ, ಕಾಗದದಲ್ಲಿ ಬರೆದಿಟ್ಟುಕೊಂಡ ಹತ್ತನ್ನೂ ಒಂದೊಂದಾಗಿ ಓದಿದರು. ಸ್ಪಷ್ಟವಾಗಿ, ನಿಧಾನವಾಗಿ, ನಾಲ್ಕು ಭಾಷೆಯಲ್ಲಿ. ಮುಗಿದ ಮೇಲೆ ಅವರನ್ನೂ ಕರೆದುಕೊಂಡು ಹೋಗಿ ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಹತ್ತರಲ್ಲಿ ಐದು ಸರಿ. ಎರಡು ಖಾಲಿ. ಮೂರು ತಲೆಕೆಳಗು. ನಾಲ್ಕನೆಯದು ಮಲಯಾಳದ್ದು. ವಸಂತಕ್ಕ ಹೇಳಿದ್ದು, ನಂಬಿಯಾರ್ ಸಾರಿಗೆ ಚಾಯ ವೇಂಡ. ಸಾರ್ ಸ್ವಂತ ಕೈಯಲ್ಲಿ ಬರೆದುಕೊಂಡಿದ್ದದ್ದು, ಚಾಯ ವೇಣಂ.

ಅವರು ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ, "ನನಗೆ ಆಗ ಚಾಯದ ಆಸೆ ಆಗಿತ್ತು," ಎಂದರು.

ನಾನು ಮತ್ತೆ ಓಡಿ ನಿಯಮಗಳನ್ನು ಹಾಕಿದೆ. ಮತ್ತೆ ಹತ್ತು ಮಾತು. ಈ ಸಲ ಹತ್ತಕ್ಕೆ ಹತ್ತೂ ಸರಿ.

"ಅಪ್ಪೊ ತಪ್ಪು ಯಂತ್ರದ್ದು," ಎಂದರು ನಂಬಿಯಾರ್ ಸಾರ್.

"ಅಲ್ಲ ಸಾರ್. ಅದು ಹೇಳಿದ ಹಾಗೆ ಕೇಳ್ತದೆ. ಹೇಳದೆ ಬಿಟ್ಟವಳು ನಾನು. ಸರಿ ಉಂಟು ಅಂತ ನಿಮಗೆ ಸುಳ್ಳು ಹೇಳಿದವಳೂ ನಾನು." ಎರಡೂ ಕಾಗದಗಳನ್ನು ಅವರತ್ತ ಸರಿಸಿದೆ. "ವಸಂತಕ್ಕನ ತಪ್ಪು ಏನೂ ಇಲ್ಲ."

ಕೊನೆಯ ಶಬ್ದವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ನಂಬಿಯಾರ್ ಸಾರ್ ಫೈಲಿನಿಂದ ಮೆಮೊದ ಪ್ರತಿ ತೆಗೆದು ಅಡ್ಡಕ್ಕೆ ಗೀಟು ಹಾಕಿದರು. ಎದ್ದು ನಿಂತು, "ಕ್ಷಮಿಸಬೇಕು ಚೇಚೀ," ಎಂದರು. ಆಮೇಲೆ ಕ್ಯಾಂಟೀನಿಗೆ ಫೋನ್ ಮಾಡಿ ಮೂರು ಚಾಯ ಹೇಳಿದರು. "ವೇಣಂ. ಕೇಟ್ಟೋ? ವೇಣಂ!" ಎಂದು ಎರಡೆರಡು ಸಲ ಹೇಳುವುದನ್ನು ಕೇಳಿ ವಸಂತಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು.

ನನ್ನನ್ನು ಕಳಿಸಿಬಿಡುತ್ತಾರೆ ಎಂದೇ ಇದ್ದೆ. ನಂಬಿಯಾರ್ ಸಾರ್ ಹೇಳಿದ್ದು ಇಷ್ಟೇ: "ಇನ್ನು ಮುಂದೆ ಏನು ಪರೀಕ್ಷೆ ಮಾಡುದಾದ್ರೂ ಚೇಚಿಯನ್ನು ಕೂರಿಸಿ ಮಾಡು." ಯಾರನ್ನೂ ನಂಬದ ಮನುಷ್ಯ ಅವತ್ತು ಇಬ್ಬರನ್ನು ನಂಬಿದರು. ಆ ವಾರದಿಂದಲೇ ಫೋನಿನಲ್ಲಿ ಬಂದ ಸೂಚನೆಯನ್ನು ಕೇಳಿದವರು ತಿರುಗಿ ಹೇಳಲೇಬೇಕು ಎಂಬ ಕಾಗದ ಎಲ್ಲ ವಾರ್ಡುಗಳ ಗೋಡೆಗೂ ಬಿತ್ತು. ಲಿಸ್ಸಿ ಸಿಸ್ಟರ್ ಎಲ್ಲರಿಗಿಂತ ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದಳು. ಇಡೀ ಆಸ್ಪತ್ರೆ ಗಿಳಿಗಳ ಗೂಡಾಯಿತು. ಆ ಗುರುವಾರ ಸಂಜೆಯೇ ನಾನು ಕಪಾಟು ತೆರೆದು ಒಂದು ಸಣ್ಣ ಬದಲಾವಣೆ ಮಾಡಿದೆ. 'ಫೋನ್' ಎಂಬ ಗುಂಪಿನ ಹೆಸರು ಅಳಿಸಿ ಬೇರೆ ಹೆಸರು ಕೊಟ್ಟೆ. ಯಾರಿಗೂ ಹೇಳಲಿಲ್ಲ.

ವಸಂತಕ್ಕ ತಮ್ಮ ಒಂದೂವರೆ ವರ್ಷ ಮುಗಿಸಿ, ಹೂಮಾಲೆ ಹಾಕಿಸಿಕೊಂಡು, ಆಸ್ಪತ್ರೆಯ ಮೆಟ್ಟಿಲು ಇಳಿದರು. ಮರುವರ್ಷ ನಾನೂ ಕಣ್ಣೂರಿಗೆ ಹೋದೆ. ಈಗ ದೊಡ್ಡ ದೊಡ್ಡ ಜಾಲ ನೋಡಿಕೊಳ್ಳುತ್ತೇನೆ, ನನ್ನ ಕೈಕೆಳಗೆ ನಾಲ್ಕು ಜನ ಇದ್ದಾರೆ. ಹೊಸಬರು ಬಂದು "ಹಲೋ ಹಲೋ" ಎಂದರೆ ನಾನು ಕೇಳುವ ಮೊದಲ ಪ್ರಶ್ನೆ, "ಹಲೋಗೆ ಬಾಲ ಉಂಟಾ?" ನನಗೆ ಈ ಕೆಲಸ ಕಲಿಸಿದ್ದು ಕಾಲೇಜಲ್ಲ, ಕಂಪೆನಿಯಲ್ಲ. ಕಂಪ್ಯೂಟರನ್ನು ಮುಟ್ಟಿಯೂ ನೋಡದ ಒಬ್ಬರು ಹೆಂಗಸು, ಒಂದು ಹಳೆ ಡೈರಿ, ಅದರಲ್ಲಿ ಬಿಡಿಸಿದ ಪುಟ್ಟ ಪುಟ್ಟ ಕೊಡೆಗಳು. ಎಷ್ಟು ನೆನೆದರೂ ಸಾಲದು.

ಮೆಟ್ಟಿಲ ಬುಡದಲ್ಲಿ ನಿಂತಿದ್ದವಳನ್ನು ಕಪಾಟಿನ ಎದುರಿದ್ದ ಹುಡುಗಿ ತಲೆಯೆತ್ತಿ ನೋಡಿದಳು. ಹೆಸರು ಫಸೀಲಾ, ಮೊಗ್ರಾಲಿನವಳೇ. ಈಗ ಇಲ್ಲಿಯ ನೆಟ್‌ವರ್ಕ್ ನೋಡಿಕೊಳ್ಳುವವಳು. ನಾನೂ ಒಂದು ಕಾಲದಲ್ಲಿ ಇದೇ ಸ್ಟೂಲಿನಲ್ಲಿ ಕೂತವಳು ಎಂದಾಗ ಅವಳಿಗೆ ಖುಷಿಯೋ ಖುಷಿ. ಹಳೆ ಡಬ್ಬಿ ಹೋಗಿ ಹೊಸದು ಬಂದಿತ್ತು, ಇದು ಮೂರನೆಯದಂತೆ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಇಂಗ್ಲಿಷಿನ ಏಳು ದೊಡ್ಡಕ್ಷರಗಳಲ್ಲಿ ಮೊದಲ ಗುಂಪಿನ ಹೆಸರು ಹಾಗೆಯೇ ಇತ್ತು. ವಸಂತಿ.

"ಇದೊಂದನ್ನು ಮಾತ್ರ ಯಾರೂ ಮುಟ್ಟುದಿಲ್ಲ ಮೇಡಂ. ಡಬ್ಬಿ ಬದಲಾಯಿಸುವಾಗೆಲ್ಲ ಹಾಗೇ ಎತ್ತಿ ಇಡುದು. ಫೋನಿನದ್ದು ಇದು. ವಾಯ್ಸ್ ಆಂಡ್ ಸಿಗ್ನಲಿಂಗ್ ಆಂಡ್ ನೆಟ್‌ವರ್ಕ್ ಟ್ರಾಫಿಕ್ ಇಂಟರ್ನಲ್. ಅದರ ಮೊದಲಕ್ಷರ ಎಲ್ಲ ಸೇರಿಸಿದ್ದು," ಎಂದು ವಿವರಿಸಿದಳು. ನನ್ನ ನಂತರ ಬಂದ ಯಾರೋ ಪುಣ್ಯಾತ್ಮರು ಕಟ್ಟಿದ ಅರ್ಥ! ನಾನು ಗೋಡೆ ಹಿಡಿದು ನಕ್ಕೆ. ನಕ್ಕು ಮುಗಿಸಿ ಅವಳಿಗೆ ನಿಜ ಹೇಳಿದೆ. ಅವಳು ಬಾಯಿ ತೆರೆದುಕೊಂಡೇ ಕೇಳಿ, ತನ್ನ ಮೇಜಿನ ಫೋನನ್ನು ನನ್ನ ಕಡೆ ಸರಿಸಿ, "ಅವರಿಗೆ ಈಗಲೇ ಮಾಡಿ ಮೇಡಂ," ಎಂದಳು.

ಮಧೂರಿನ ನಂಬರು ಬೆರಳಿಗೆ ನೆನಪಿತ್ತು. ಎರಡನೇ ರಿಂಗಿಗೆ ಎತ್ತಿದರು. ಅವರ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು ಕೇಳಿಸುತ್ತಿತ್ತು.

"ನಾನು ಐರಿನ್. ಆಸ್ಪತ್ರೆಯಿಂದ ಮಾತಾಡುದು ಅಕ್ಕ. ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿ ನಿಮ್ಮ ಹೆಸರು ಬರೆದಿದ್ದೆ. ಹೇಳಿರ್ಲಿಲ್ಲ ನಿಮಗೆ. ಈಗ ನೋಡಿದೆ, ಅದು ಇನ್ನೂ ಉಂಟು."

ಮಳೆಯ ಸದ್ದಿಗಿಂತ ಗಟ್ಟಿಯಾಗಿ ಆ ಕಡೆಯಿಂದ ಉತ್ತರ ಬಂತು.

"ಉಂಟು ಅಂದದ್ದಲ್ವಾ?" ಎಂದರು ವಸಂತಕ್ಕ. "ಉಂಟು."